ಬೋರ್ಡು ಕೈಗೆ ಬಂತು, ಮುಂದೇನು?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ವೈ-ಫೈ ಇರುವ ಒಂದೇ ಪುಟ್ಟ ಕಂಪ್ಯೂಟರ್ ಬೋರ್ಡಿನ ಸುತ್ತ ಇವೆ: ಇಎಸ್‌ಪಿ32. ಹೊಸಬರಿಗೆಂದೇ ಮಾಡಿದ ಸುಲಭ ಪದ್ಧತಿಯಾದ ಆರ್ಡುಯಿನೊದಲ್ಲಿ ಒಂದೆರಡು ಪ್ರಯೋಗ ಮಾಡಿದವರು ಈಗ ಚಿಪ್ ತಯಾರಕರದೇ ಸಾಫ್ಟ್‌ವೇರ್ ಕಿಟ್ ಆದ ಇಎಸ್‌ಪಿ-ಐಡಿಎಫ್ ಕಲಿಯಲು ಹೊರಟು, ಮೊದಲ ದಿನವೇ ಎಲ್ಲೋ ಸಿಕ್ಕಿಕೊಂಡಿದ್ದಾರೆ. ಹಾಗಾಗಿ ಈ ಸಲದ ಪುಟಗಳನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ. ನಾನು ಹದಿನಾರು ವರ್ಷ ಬೆಂಗಳೂರಿನಲ್ಲಿ ವಿದ್ಯುತ್ ಮೀಟರುಗಳ ಒಳಗೆ ಓಡುವ ಪ್ರೋಗ್ರಾಂ ಬರೆದವಳು. ಈಗ ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಕೂತು ಇದೇ ಚಿಪ್ಪುಗಳ ಮೇಲೆ ಕೆಲಸ ಮಾಡುತ್ತೇನೆ. ಇಲ್ಲಿ ಹೇಳಿರುವುದೆಲ್ಲ ನನ್ನ ಮೇಜಿನ ಮೇಲೆ ಒಮ್ಮೆಯಾದರೂ ಆಗಿಹೋದದ್ದೇ.

ಒಂದು ಸೂಚನೆ. ಆದೇಶಗಳನ್ನು ಉಚ್ಚರಿಸುವ ಹಾಗೆ ಕನ್ನಡದಲ್ಲಿ ಅಚ್ಚು ಹಾಕಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ; ‘ಡಾಟ್’ ಎಂದಿರುವಲ್ಲಿ ಚುಕ್ಕಿ ಹಾಕಿ.

ಪ್ರಶ್ನೆ: ನಾನು ಡಿಪ್ಲೊಮಾ ಕೊನೆಯ ವರ್ಷದ ವಿದ್ಯಾರ್ಥಿನಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಆರ್ಡುಯಿನೊದಲ್ಲಿ ಎಲ್‌ಇಡಿ ಮಿನುಗಿಸಿದ್ದೇನೆ. ಕೆಲಸ ಬೇಕಾದರೆ ಐಡಿಎಫ್ ಕಲಿ ಎನ್ನುತ್ತಾರೆ. ಇನ್‌ಸ್ಟಾಲ್ ಮಾಡಿದೆ, ಆದರೆ ಪರದೆ ತುಂಬ ಇಂಗ್ಲಿಷ್ ಸಾಲುಗಳು ಓಡುತ್ತವೆ, ತಲೆಬುಡ ತಿಳಿಯುವುದಿಲ್ಲ. ಎಲ್ಲಿಂದ ಶುರು ಮಾಡಲಿ? (ಗದಗ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಅಂದುಕೊಂಡಷ್ಟು ಹೊಸ ಜಾಗಕ್ಕೆ ಬಂದಿಲ್ಲ. ಇಎಸ್‌ಪಿ32ರ ಆರ್ಡುಯಿನೊ ಕಟ್ಟಿರುವುದೇ ಐಡಿಎಫ್ ಮೇಲೆ. ನೀವು ಬರೆದ ‘ಸೆಟಪ್’ ಮತ್ತು ‘ಲೂಪ್’ಗಳನ್ನು ಒಳಗೆ ಒಂದು ಐಡಿಎಫ್ ಟಾಸ್ಕ್ (ತನ್ನಷ್ಟಕ್ಕೆ ಓಡುವ ಕೋಡಿನ ತುಂಡು) ಕರೆಯುತ್ತಿತ್ತು. ಇಷ್ಟು ದಿನ ಜಗಲಿಯಲ್ಲಿ ಕೂತು ಮಾತಾಡಿಸಿಕೊಂಡು ಹೋಗುತ್ತಿದ್ದ ಮನೆಯ ನಡುಮನೆಗೆ ಈಗ ಕಾಲಿಡುತ್ತಿದ್ದೀರಿ, ಅಷ್ಟೇ.

ಈ ಮನೆಯ ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಎಸ್ಪ್ರೆಸಿಫ್ ಎಂಬುದು 2008ರಲ್ಲಿ ಶಾಂಘೈನಲ್ಲಿ ಶುರುವಾದ ಕಂಪನಿ. 2014ರ ಹೊತ್ತಿಗೆ ಅವರ ಇಎಸ್‌ಪಿ8266 ಅಗ್ಗದ ವೈ-ಫೈ ಚಿಪ್ ಎಂದು ಮನೆಮಾತಾಯಿತು. 2016ರಲ್ಲಿ ಇಎಸ್‌ಪಿ32 ಬಂತು: ಎರಡು ಕೋರ್, 240 ಮೆಗಾಹರ್ಟ್ಸ್‌ವರೆಗೆ ವೇಗ, 520 ಕಿಲೋಬೈಟ್ ಒಳ ಮೆಮೊರಿ, ವೈ-ಫೈ ಮತ್ತು ಬ್ಲೂಟೂತ್ ಎರಡೂ. ಐಡಿಎಫ್ ಅದಕ್ಕೆ ಬೇಕಾದ ಕಂಪೈಲರ್ (ನಾವು ಬರೆದದ್ದನ್ನು ಚಿಪ್ಪಿನ ಭಾಷೆಗೆ ತರುವ ಪ್ರೋಗ್ರಾಂ), ಡ್ರೈವರುಗಳು, ನೆಟ್‌ವರ್ಕ್ ಕೋಡ್, ಫ್ರೀಆರ್‌ಟಿಒಎಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ, ಎಲ್ಲವನ್ನೂ ಒಟ್ಟಿಗೆ ತಂದುಕೊಡುತ್ತದೆ.

ಇನ್‌ಸ್ಟಾಲ್ ಆಗಿದೆ ಎಂದಿದ್ದೀರಿ. ಆದರೂ ಫೋಲ್ಡರಿನ ಹೆಸರು ಒಮ್ಮೆ ನೋಡಿ. ಐಡಿಎಫ್ ಆಗಲಿ, ನಿಮ್ಮ ಪ್ರಾಜೆಕ್ಟ್ ಆಗಲಿ, ಇರುವ ದಾರಿಯಲ್ಲಿ ಎಲ್ಲೂ ಖಾಲಿ ಜಾಗ ಇರಬಾರದು. ವಿಂಡೋಸ್‌ನಲ್ಲಿ ಬಳಕೆದಾರರ ಹೆಸರಿನಲ್ಲೇ ಸ್ಪೇಸ್ ಇದ್ದು, ಅದರೊಳಗಿನ ಡೆಸ್ಕ್‌ಟಾಪಿನಲ್ಲಿ ಪ್ರಾಜೆಕ್ಟ್ ಇಟ್ಟು ಒದ್ದಾಡಿದವರನ್ನು ಬಹಳ ಕಂಡಿದ್ದೇನೆ. ಸಿ ಡ್ರೈವಿನೊಳಗೆ ನೇರವಾಗಿ ಒಂದು ಸಣ್ಣ ಹೆಸರಿನ ಫೋಲ್ಡರ್ ಮಾಡಿಕೊಳ್ಳಿ.

ಈಗ ಐಡಿಎಫ್ ಜೊತೆ ಬಂದ ಉದಾಹರಣೆಗಳಲ್ಲಿ ‘ಗೆಟ್-ಸ್ಟಾರ್ಟೆಡ್’ ಫೋಲ್ಡರಿಗೆ ಹೋಗಿ, ‘ಹಲೋ ವರ್ಲ್ಡ್’ ಅನ್ನು ನಿಮ್ಮ ಫೋಲ್ಡರಿಗೆ ನಕಲು ಮಾಡಿ. ಮೂಲವನ್ನು ಮುಟ್ಟಬೇಡಿ. ಆ ಫೋಲ್ಡರಿನೊಳಗೆ ನಿಂತು ‘ಐಡಿಎಫ್ ಡಾಟ್ ಪೈ ಸೆಟ್-ಟಾರ್ಗೆಟ್ ಇಎಸ್‌ಪಿ32’ ಎಂದು ಒಮ್ಮೆ ಕೊಡಿ. ಆಮೇಲೆ ‘ಐಡಿಎಫ್ ಡಾಟ್ ಪೈ ಬಿಲ್ಡ್’. ನೀವು ಹೇಳಿದ ಸಾಲುಗಳ ಮೆರವಣಿಗೆ ಆಗಲೇ ಹೊರಡುವುದು. ಸಾವಿರದ ಆಸುಪಾಸು ಫೈಲುಗಳು ಕಂಪೈಲ್ ಆಗುತ್ತವೆ. ನಿಮ್ಮದು ಅದರಲ್ಲಿ ಒಂದೇ ಒಂದು. ಹಳೆಯ ಲ್ಯಾಪ್‌ಟಾಪ್ ಆದರೆ ಹತ್ತು ನಿಮಿಷ ಹಿಡಿದೀತು. ಮೊದಲ ಸಲ ಮಾತ್ರ. ಎರಡನೆಯ ಸಲದಿಂದ ನೀವು ತಿದ್ದಿದ್ದನ್ನಷ್ಟೇ ಕಂಪೈಲ್ ಮಾಡುತ್ತದೆ. ಆ ಸಾಲುಗಳನ್ನು ಓದಬೇಕಾಗಿಲ್ಲ, ಓಡಲಿ ಬಿಡಿ.

ಬಿಲ್ಡ್ ಮುಗಿದ ಮೇಲೆ ‘ಐಡಿಎಫ್ ಡಾಟ್ ಪೈ ಫ್ಲ್ಯಾಶ್ ಮಾನಿಟರ್’. ಪ್ರೋಗ್ರಾಮನ್ನು ಬೋರ್ಡಿಗೆ ಬರೆದು, ಬೋರ್ಡು ಹೇಳುವುದನ್ನು ಪರದೆಗೆ ತರುವ ಆದೇಶ ಇದು. ಇಲ್ಲಿಂದ ಮುಂದೆ ಪ್ರತಿ ಸಾಲನ್ನೂ ಓದಬೇಕು, ಏಕೆಂದರೆ ಈಗ ಮಾತಾಡುತ್ತಿರುವುದು ನಿಮ್ಮ ಕೈಲಿರುವ ಬೋರ್ಡು. ಸಾಲಿನ ಮೊದಲ ಅಕ್ಷರ ನೋಡಿ: ‘ಐ’ ಇದ್ದರೆ ಹಸಿರು, ಬರೀ ಮಾಹಿತಿ. ‘ಡಬ್ಲ್ಯೂ’ ಇದ್ದರೆ ಹಳದಿ, ಎಚ್ಚರಿಕೆ. ‘ಇ’ ಇದ್ದರೆ ಕೆಂಪು, ತಪ್ಪು. ಅದರ ಪಕ್ಕ ಕಂಸದೊಳಗಿನ ಅಂಕಿ, ಬೋರ್ಡು ಎದ್ದು ಎಷ್ಟು ಮಿಲಿಸೆಕೆಂಡ್ ಆಯಿತು ಎಂಬುದು. ಆಮೇಲೆ ಮಾತಾಡುತ್ತಿರುವ ಭಾಗದ ಹೆಸರು, ಕೊನೆಗೆ ಅದರ ಮಾತು. ಕಿಟ್ಟಿನ ಲಾಗ್ ಸಾಲುಗಳೆಲ್ಲ ಇದೇ ಅಚ್ಚಿನಲ್ಲಿ ಬರುತ್ತವೆ.

ಮೊದಲ ದಿನ ಇಲ್ಲಿ ಒಂದು ಹಳದಿ ಸಾಲು ನಿಮ್ಮನ್ನು ಹೆದರಿಸುತ್ತದೆ. ಫ್ಲ್ಯಾಶ್ 4096 ಕಿಲೋಬೈಟ್ ಕಾಣುತ್ತಿದೆ, ಪ್ರೋಗ್ರಾಮಿನ ತಲೆಬರಹದಲ್ಲಿ 2048 ಎಂದಿದೆ, ತಲೆಬರಹದ್ದನ್ನೇ ಬಳಸುತ್ತೇನೆ ಎಂದು. ಬೋರ್ಡು ಕೆಟ್ಟಿಲ್ಲ. ನಿಮ್ಮದರಲ್ಲಿ 4 ಮೆಗಾಬೈಟ್ ಫ್ಲ್ಯಾಶ್ (ಪ್ರೋಗ್ರಾಂ ಉಳಿಯುವ ಮೆಮೊರಿ) ಇದೆ, ಕಿಟ್ಟು ಮೊದಲಿಗೆ 2 ಎಂದು ಹಿಡಿದುಕೊಂಡಿರುತ್ತದೆ. ‘ಐಡಿಎಫ್ ಡಾಟ್ ಪೈ ಮೆನುಕಾನ್ಫಿಗ್’ ಕೊಟ್ಟು, ಸೀರಿಯಲ್ ಫ್ಲ್ಯಾಶರ್ ಎಂಬ ವಿಭಾಗದಲ್ಲಿ ಫ್ಲ್ಯಾಶ್ ಸೈಜನ್ನು 4 ಮಾಡಿ. ಆ ಸಾಲು ಹೋಗುತ್ತದೆ. ನೀವು ಓದಿ, ಅರ್ಥ ಮಾಡಿಕೊಂಡು, ಸರಿಪಡಿಸಿದ ಮೊದಲ ಎಚ್ಚರಿಕೆ ಅದಾಗಲಿ. ಮೆನುಕಾನ್ಫಿಗ್ ಏನೆಂಬುದೂ ಅಲ್ಲೇ ತಿಳಿಯುತ್ತದೆ.

ಇನ್ನೊಂದು ಸಂಗತಿ ಮೊದಲೇ ಹೇಳಿಬಿಡುತ್ತೇನೆ. ಹಲೋ ವರ್ಲ್ಡ್ ಹತ್ತರಿಂದ ಸೊನ್ನೆಯವರೆಗೆ ಎಣಿಸಿ ಬೋರ್ಡನ್ನು ರೀಸ್ಟಾರ್ಟ್ ಮಾಡುತ್ತದೆ, ಮತ್ತೆ ಎಣಿಸುತ್ತದೆ. ‘ಬೋರ್ಡು ತಾನಾಗಿ ಆಫ್ ಆಗುತ್ತಿದೆ’ ಎಂದು ಈ ತಿಂಗಳಲ್ಲೇ ಮೂವರು ಬರೆದಿದ್ದಾರೆ. ಅದು ಹಾಗೇ ಬರೆದ ಉದಾಹರಣೆ. ಕೋಡ್ ತೆರೆದು ಕೊನೆಯ ಸಾಲು ನೋಡಿ, ಅಲ್ಲೇ ಇದೆ. ಮಾನಿಟರಿನಿಂದ ಹೊರಬರಲು ಕಂಟ್ರೋಲ್ ಕೀ ಜೊತೆ ಮುಚ್ಚುವ ಚೌಕ ಕಂಸ ಒತ್ತಬೇಕು.

ಇನ್ನು ಇಂಗ್ಲಿಷಿನ ಭಯ. ಕಂಪೈಲರ್ ತಪ್ಪು ತೋರಿಸಿದಾಗ ಎಲ್ಲರೂ ಪರದೆಯ ತಳದ ಸಾಲನ್ನು ಓದುತ್ತಾರೆ. ಅಲ್ಲಿ ‘ನಿಂಜಾ: ಬಿಲ್ಡ್ ಸ್ಟಾಪ್ಡ್’ ಎಂದಿರುತ್ತದೆ. ಅದು ಸಾವಿನ ಸುದ್ದಿ, ಕಾಯಿಲೆಯ ಹೆಸರಲ್ಲ. ಮೇಲಕ್ಕೆ ಹೋಗಿ, ‘ಎರರ್’ ಎಂಬ ಪದ ಮೊಟ್ಟಮೊದಲು ಎಲ್ಲಿದೆ ಎಂದು ಹುಡುಕಿ. ಅದರ ಹಿಂದೆ ಫೈಲಿನ ಹೆಸರು, ಸಾಲಿನ ಸಂಖ್ಯೆ ಇರುತ್ತದೆ. ‘ಅನ್‌ಡಿಕ್ಲೇರ್ಡ್’ ಎಂದರೆ ಈ ಹೆಸರನ್ನು ನಾನು ಕೇಳಿಯೇ ಇಲ್ಲ ಎಂದರ್ಥ. ಕಾಗುಣಿತ ನೋಡಿ, ಇಲ್ಲವೇ ಮೇಲೆ ‘ಇನ್‌ಕ್ಲೂಡ್’ ಬಿಟ್ಟಿದ್ದೀರಾ ನೋಡಿ. ‘ಎಕ್ಸ್‌ಪೆಕ್ಟೆಡ್’ ಎಂದರೆ ಇಲ್ಲಿ ಏನೋ ಇರಬೇಕಿತ್ತು. ಆ ಸಾಲು ಅಥವಾ ಅದರ ಹಿಂದಿನ ಸಾಲಿನ ಕೊನೆ ನೋಡಿ. ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದರೆ ಹೆಸರು ಗೊತ್ತು, ಆದರೆ ಅದರ ಕೋಡ್ ಸಿಗುತ್ತಿಲ್ಲ; ಹೆಚ್ಚಾಗಿ ಫೈಲನ್ನು ಸಿಮೇಕ್ ಪಟ್ಟಿಗೆ (ಯಾವ ಫೈಲುಗಳನ್ನು ಕಂಪೈಲ್ ಮಾಡಬೇಕೆಂದು ಹೇಳುವ ಪಟ್ಟಿ) ಸೇರಿಸಿರುವುದಿಲ್ಲ. ಇಂಥ ಇಪ್ಪತ್ತು ಪದಗಳಿಗಿಂತ ಹೆಚ್ಚು ನನಗೂ ದಿನನಿತ್ಯ ಬೇಕಾಗುವುದಿಲ್ಲ. ಒಂದು ನೋಟ್‌ಪುಸ್ತಕದಲ್ಲಿ ಎಡಕ್ಕೆ ಆ ಪದ, ಬಲಕ್ಕೆ ನಿಮ್ಮ ಕನ್ನಡದಲ್ಲಿ ಅದರ ಅರ್ಥ, ಕೆಳಗೆ ಹೇಗೆ ಸರಿಯಾಯಿತು ಎಂದು ಬರೆದಿಡಿ. ನನ್ನ ಮೊದಲ ಕೆಲಸದಲ್ಲಿ ನಾನು ಮಾಡಿದ್ದು ಅದನ್ನೇ. ಆ ಪುಸ್ತಕ ಇನ್ನೂ ಇದೆ.

ಕೊನೆಯದಾಗಿ, ಹಳೆಯ ವೀಡಿಯೊ ನೋಡಿ ಕಲಿಯುತ್ತಿದ್ದರೆ ಅದರ ಆವೃತ್ತಿ ವಿಚಾರಿಸಿಕೊಳ್ಳಿ. ಐಡಿಎಫ್ 5 ಬಂದಾಗ ಹಳೆಯ ‘ಮೇಕ್’ ಪದ್ಧತಿಯನ್ನೇ ತೆಗೆದುಹಾಕಿದರು, ಎಷ್ಟೋ ಫಂಕ್ಷನ್ನುಗಳ ಹೆಸರೂ ಬದಲಾಯಿತು. ವೀಡಿಯೊದಲ್ಲಿ ‘ಮೇಕ್ ಫ್ಲ್ಯಾಶ್’ ಎಂದು ಟೈಪ್ ಮಾಡುತ್ತಿದ್ದರೆ ಅದನ್ನು ಅಲ್ಲಿಗೇ ಬಿಡಿ. ಅಧಿಕೃತ ಕೈಪಿಡಿಯಲ್ಲಿ ಆವೃತ್ತಿ ಆರಿಸುವ ಪಟ್ಟಿ ಇದೆ, ನಿಮ್ಮದನ್ನು ಆರಿಸಿಕೊಂಡು ಓದಿ.

ಪ್ರಶ್ನೆ: ಫ್ಲ್ಯಾಶ್ ಮಾಡಲು ಹೋದರೆ ‘ಕನೆಕ್ಟಿಂಗ್’ ಎಂದು ಚುಕ್ಕಿ ಚುಕ್ಕಿ ಬಂದು ನಿಂತುಹೋಗುತ್ತದೆ. ಎರಡು ಬೋರ್ಡು ಬದಲಾಯಿಸಿದೆ. ಮೂರನೆಯದು ಕೊಳ್ಳಬೇಕೆ? (ಹೊಸಪೇಟೆ)

ಉತ್ತರ: ಬೇಡ, ದಯವಿಟ್ಟು ದುಡ್ಡು ಉಳಿಸಿ. ಚುಕ್ಕಿಗಳ ಕೊನೆಗೆ ಏನು ಬರೆದಿದೆ ಎಂದು ನೀವು ಹೇಳಿಲ್ಲ, ಉತ್ತರ ಇರುವುದು ಅಲ್ಲೇ.

‘ರಾಂಗ್ ಬೂಟ್ ಮೋಡ್’ ಎಂದಿದ್ದರೆ ಸಂತೋಷಪಡಿ. ಕೇಬಲ್ ಸರಿಯಿದೆ, ಡ್ರೈವರ್ ಸರಿಯಿದೆ, ಬೋರ್ಡು ಉತ್ತರಿಸುತ್ತಿದೆ. ಅದು ಹೊಸ ಪ್ರೋಗ್ರಾಂ ಪಡೆಯುವ ಸ್ಥಿತಿಗೆ ಹೋಗದೆ ಹಳೆಯದನ್ನೇ ಓಡಿಸುತ್ತಿದೆ, ಅಷ್ಟೇ. ಚಿಪ್ ಏಳುವ ಕ್ಷಣದಲ್ಲಿ ಜಿಪಿಐಒ0 ಎಂಬ ಕಾಲು (ಪಿನ್) ಸೊನ್ನೆ ವೋಲ್ಟಿನಲ್ಲಿದ್ದರೆ ಅದು ಪ್ರೋಗ್ರಾಮಿಗಾಗಿ ಕಾಯುತ್ತದೆ. ಬೋರ್ಡಿನ ‘ಬೂಟ್’ ಬಟನ್ ಮಾಡುವುದು ಆ ಕಾಲನ್ನು ನೆಲಕ್ಕೆ ಸೇರಿಸುವ ಕೆಲಸ. ಚುಕ್ಕಿಗಳು ಬರತೊಡಗಿದಾಗ ಅದನ್ನು ಒತ್ತಿ ಹಿಡಿಯಿರಿ, ಬರೆಯಲು ಶುರುವಾದ ಮೇಲೆ ಬಿಡಿ. ಕೆಲವು ಬೋರ್ಡುಗಳಲ್ಲಿ ಪ್ರತಿ ಸಲ ಹೀಗೆ ಮಾಡಬೇಕಾಗುತ್ತದೆ. ಬೇಸರವಾದರೆ ಚಿಪ್ಪನ್ನು ಎಬ್ಬಿಸುವ ‘ಇಎನ್’ ಕಾಲಿಗೂ ಗ್ರೌಂಡಿಗೂ ನಡುವೆ 1ರಿಂದ 10 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಹಾಕಿ, ಸಾಮಾನ್ಯವಾಗಿ ಸರಿಹೋಗುತ್ತದೆ.

‘ನೋ ಸೀರಿಯಲ್ ಡೇಟಾ’ ಎಂದಿದ್ದರೆ ನೀವು ಬೇರೆ ಪೋರ್ಟಿಗೆ ಕೂಗುತ್ತಿರಬಹುದು. ಬೋರ್ಡನ್ನು ತೆಗೆದು ಹಾಕಿ, ಪಟ್ಟಿಯಲ್ಲಿ ಯಾವ ಪೋರ್ಟ್ ಹೋಗಿ ಬಂತು ನೋಡಿ, ಅದನ್ನೇ ಕೊಡಿ. ಲಿನಕ್ಸ್‌ನಲ್ಲಿ ‘ಪರ್ಮಿಷನ್ ಡಿನೈಡ್’ ಬಂದರೆ ನಿಮ್ಮ ಹೆಸರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ.

ಪೋರ್ಟೇ ಕಾಣದಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ. ಚಾರ್ಜಿಂಗಿಗೆ ಮಾತ್ರ ಆಗುವ ಕೇಬಲ್ಲುಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಬೋರ್ಡಿನ ಕೆಂಪು ದೀಪ ಮಾತ್ರ ಚೆನ್ನಾಗಿ ಉರಿಯುತ್ತದೆ, ಅದನ್ನು ನೋಡಿ ಕೇಬಲ್ ಸರಿಯಿದೆ ಎಂದು ನಂಬಿಬಿಡುತ್ತೇವೆ. ಒಮ್ಮೆ ಒಂದು ಕಾರ್ಖಾನೆಯಲ್ಲಿ ಮೀಟರು ಸರಿಪಡಿಸಲು ಹೋಗಿ, ಬೆಳಗಿನಿಂದ ಮಧ್ಯಾಹ್ನದ ಊಟದವರೆಗೆ ಡ್ರೈವರುಗಳನ್ನು ತೆಗೆದು ಹಾಕಿ ಮಾಡಿದ್ದೆ. ಕೊನೆಗೆ ಅಲ್ಲಿನ ಆಪರೇಟರೊಬ್ಬರು ತಮ್ಮ ಫೋನಿನ ಕೇಬಲ್ ಕೊಟ್ಟರು, ಪೋರ್ಟ್ ತಕ್ಷಣ ಬಂತು. ಆವತ್ತಿನಿಂದ ನನ್ನ ಚೀಲದಲ್ಲಿ ನೀಲಿ ಟೇಪು ಸುತ್ತಿದ ಕೇಬಲ್ ಒಂದಿದೆ, ಅದರಿಂದ ಫೋನ್ ಚಾರ್ಜ್ ಮಾಡಲು ಯಾರಿಗೂ ಕೊಡುವುದಿಲ್ಲ. ಪರೀಕ್ಷೆ ಸುಲಭ: ಅದೇ ಕೇಬಲಿನಲ್ಲಿ ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಫೋಟೊಗಳು ಕಾಣುತ್ತವೆಯೇ ನೋಡಿ. ಕೇಬಲ್ ಸರಿಯಿದ್ದೂ ಪೋರ್ಟ್ ಇಲ್ಲದಿದ್ದರೆ, ಯುಎಸ್‌ಬಿ ಸಾಕೆಟ್ಟಿನ ಪಕ್ಕದ ಪುಟ್ಟ ಚಿಪ್ ಮೇಲೆ ಬರೆದಿರುವುದನ್ನು ಓದಿ. ಸಿಪಿ2102 ಅಥವಾ ಸಿಎಚ್340 ಎಂದಿರುತ್ತದೆ, ಅದರ ಡ್ರೈವರ್ ಹಾಕಿ.

ಪ್ರಶ್ನೆ: ವೈ-ಫೈ ಶುರುವಾದ ಕೂಡಲೇ ಬೋರ್ಡು ರೀಸೆಟ್ ಆಗುತ್ತದೆ. ‘ಬ್ರೌನ್‌ಔಟ್’ ಎಂದು ಬರುತ್ತದೆ. ಅದನ್ನು ಆಫ್ ಮಾಡುವ ಒಂದು ಸಾಲು ಸಿಕ್ಕಿದೆ. ಹಾಕಲೇ? (ಬಳ್ಳಾರಿ)

ಉತ್ತರ: ಹಾಕಬೇಡಿ. ವೋಲ್ಟೇಜು ಕುಸಿಯುತ್ತಿದೆ ಎಂದು ಚಿಪ್ ಹೇಳುತ್ತಿದೆ. ಹೇಳುವ ಬಾಯಿ ಮುಚ್ಚಿಸಿದರೆ ಕುಸಿಯುವುದು ನಿಲ್ಲುವುದಿಲ್ಲ, ಫ್ಲ್ಯಾಶ್‌ಗೆ ಬರೆಯುವಾಗ ಕುಸಿದರೆ ನಿಮ್ಮ ಡೇಟಾ ಹಾಳು. ರೇಡಿಯೊ ಏಳುವಾಗ ಕರೆಂಟು ಜಗ್ಗುತ್ತದೆ. 500 ಮಿಲಿಆಂಪ್ ಕೊಡಬಲ್ಲ ಪೂರೈಕೆ ಇರಲಿ ಎಂದು ತಯಾರಕರೇ ಹೇಳಿದ್ದಾರೆ. ಗಿಡ್ಡ, ದಪ್ಪ ಕೇಬಲ್ ಹಾಕಿ. ಯುಎಸ್‌ಬಿ ಹಬ್ ಬಿಟ್ಟು ನೇರ ಲ್ಯಾಪ್‌ಟಾಪಿಗೆ ಜೋಡಿಸಿ. ಬ್ರೆಡ್‌ಬೋರ್ಡಿನಲ್ಲಿದ್ದರೆ 3.3 ವೋಲ್ಟಿನ ಕಾಲಿನ ಹತ್ತಿರವೇ 100 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಒಂದನ್ನು ಕೂರಿಸಿ.

ಪ್ರಶ್ನೆ: ಸಿ3, ಎಸ್3, ಪಿಕೊ ಎಂದೆಲ್ಲ ಬೋರ್ಡುಗಳಿವೆ. ಕಲಿಯಲು ಯಾವುದು? (ಮಂಡ್ಯ)

ಉತ್ತರ: ಹಳೆಯ ಇಎಸ್‌ಪಿ32, 4 ಮೆಗಾಬೈಟಿನದು. ಇಂಟರ್ನೆಟ್ಟಿನಲ್ಲಿ ಸಿಗುವ ಸಹಾಯದಲ್ಲಿ ಹೆಚ್ಚಿನ ಪಾಲು ಅದರದ್ದೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಅದೇ ಕುಟುಂಬದ ಸಿ3 ಕೂಡ ಒಳ್ಳೆಯದೇ: ಒಂದೇ ಕೋರ್, ರಿಸ್ಕ್-ವಿ ಎಂಬ ಮುಕ್ತ ವಿನ್ಯಾಸ, ಯುಎಸ್‌ಬಿ ಚಿಪ್ಪಿನೊಳಗೇ ಇದೆ. ರಾಸ್ಪ್‌ಬೆರಿ ಪೈ ಪಿಕೊದ ಕಿಟ್ಟು ಇದಕ್ಕಿಂತ ಚಿಕ್ಕದು, ಓದಲು ಸೊಗಸು. ಆದರೆ 2021ರಲ್ಲಿ ಬಂದ ಮೊದಲ ಪಿಕೊದಲ್ಲಿ ವೈ-ಫೈ ಇಲ್ಲ, ‘ಡಬ್ಲ್ಯೂ’ ಇರುವುದನ್ನೇ ಕೇಳಿ ತನ್ನಿ. ಯಾವುದಾದರೂ ಒಂದೇ ಇರಲಿ.

ಪ್ರಶ್ನೆ: ಐದು ಮಿಲಿಸೆಕೆಂಡಿಗೊಮ್ಮೆ ಸೆನ್ಸರ್ ಓದುವ ಟಾಸ್ಕ್ ಬರೆದಿದ್ದೇನೆ. ಮಧ್ಯೆ ‘ವಿಟಾಸ್ಕ್‌ಡಿಲೇ’ ಕೊಟ್ಟಿದ್ದೇನೆ. ಆದರೂ ಐದೈದು ಸೆಕೆಂಡಿಗೆ ‘ಟಾಸ್ಕ್ ವಾಚ್‌ಡಾಗ್’ ಎಂದು ಕೆಂಪು ಸಾಲುಗಳು, ‘ಐಡಲ್0’ ಎಂಬ ಹೆಸರು. ಡಿಲೇ ಇದ್ದರೂ ಹೀಗೇಕೆ? (ಬೆಳಗಾವಿ)

ಉತ್ತರ: ಈ ತಿಂಗಳು ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ನೀವು ಡಿಲೇ ಬರೆದಿದ್ದೀರಿ, ಆದರೆ ಅಲ್ಲಿ ಡಿಲೇ ಇಲ್ಲ.

ಫ್ರೀಆರ್‌ಟಿಒಎಸ್ ಕಾಲವನ್ನು ಮಿಲಿಸೆಕೆಂಡಿನಲ್ಲಿ ಎಣಿಸುವುದಿಲ್ಲ, ಟಿಕ್‌ನಲ್ಲಿ ಎಣಿಸುತ್ತದೆ. ಐಡಿಎಫ್‌ನಲ್ಲಿ ಮೊದಲಿಗೆ ಇರುವ ವೇಗ ಸೆಕೆಂಡಿಗೆ 100 ಟಿಕ್, ಅಂದರೆ ಒಂದು ಟಿಕ್‌ಗೆ 10 ಮಿಲಿಸೆಕೆಂಡ್. ನೀವು ಕೊಟ್ಟ 5 ಮಿಲಿಸೆಕೆಂಡನ್ನು ಟಿಕ್‌ಗೆ ಪರಿವರ್ತಿಸಿದರೆ ಅರ್ಧ. ಪೂರ್ಣಾಂಕದ ಲೆಕ್ಕದಲ್ಲಿ ಅರ್ಧ ಎಂಬುದಿಲ್ಲ, ಸೊನ್ನೆಯಾಗುತ್ತದೆ. ಸೊನ್ನೆ ಟಿಕ್ ಡಿಲೇ ಎಂದರೆ ನಿಮ್ಮಷ್ಟೇ ಆದ್ಯತೆಯ ಬೇರೆ ಟಾಸ್ಕ್ ಇದ್ದರೆ ಅದಕ್ಕೆ ಸರದಿ ಸಿಗುತ್ತದೆ, ಇಲ್ಲದಿದ್ದರೆ ನೀವೇ ಮತ್ತೆ ಓಡುತ್ತೀರಿ. ಐಡಲ್ ಟಾಸ್ಕಿನ ಆದ್ಯತೆ ಎಲ್ಲಕ್ಕಿಂತ ಕೆಳಗೆ, ಸೊನ್ನೆ. ಅದರ ಪಾಳಿ ಬರುವುದೇ ಇಲ್ಲ.

ಐಡಲ್ ಎಂದರೆ ಸುಮ್ಮನೆ ಕೂತಿರುವುದು ಎಂದುಕೊಳ್ಳಬೇಡಿ. ಮುಗಿದುಹೋದ ಟಾಸ್ಕುಗಳ ಮೆಮೊರಿ ಗುಡಿಸುವುದು ಅದೇ, ಪ್ರೋಗ್ರಾಂ ಸಿಕ್ಕಿಕೊಂಡಿದೆಯೇ ಎಂದು ಕಾಯುವ ವಾಚ್‌ಡಾಗಿಗೆ ‘ಎಲ್ಲ ಕ್ಷೇಮ’ ಎಂದು ಹೇಳುವುದೂ ಅದೇ. ಐದು ಸೆಕೆಂಡ್ ಆ ಮಾತು ಕೇಳಿಸದಿದ್ದರೆ ವಾಚ್‌ಡಾಗ್ ಬೊಗಳುತ್ತದೆ. ‘ಐಡಲ್0’ ಎಂದರೆ ಸೊನ್ನೆಯ ಕೋರಿನ ಐಡಲ್. ಅದರ ಕೆಳಗೆಯೇ ಆ ಹೊತ್ತಿನಲ್ಲಿ ಸಿಪಿಯು ಹಿಡಿದುಕೊಂಡಿದ್ದ ಟಾಸ್ಕಿನ ಹೆಸರೂ ಬಂದಿರುತ್ತದೆ. ನಿಮ್ಮ ಸೆನ್ಸರ್ ಟಾಸ್ಕಿನ ಹೆಸರೇ ಇರಬೇಕು, ನೋಡಿ.

ಪರಿಹಾರ ಎರಡಿವೆ. ಮೆನುಕಾನ್ಫಿಗ್‌ನಲ್ಲಿ ಫ್ರೀಆರ್‌ಟಿಒಎಸ್ ವಿಭಾಗದ ಟಿಕ್ ದರವನ್ನು 1000 ಮಾಡಿದರೆ 5 ಮಿಲಿಸೆಕೆಂಡ್ ಐದು ಟಿಕ್ ಆಗುತ್ತದೆ. ಸಮಯ ಕರಾರುವಾಕ್ಕಾಗಿ ಬೇಕಿದ್ದರೆ ಟೈಮರ್ ಬಳಸಿ. ನಿಮ್ಮದು ಕಂಪನ ಅಳೆಯುವ ಸೆನ್ಸರ್ ಎಂದು ಬರೆದಿದ್ದೀರಿ, ಹಾಗಾಗಿ ನಾನಾದರೆ ಟೈಮರನ್ನೇ ಆರಿಸುತ್ತೇನೆ. ವಾಚ್‌ಡಾಗನ್ನು ಮಾತ್ರ ಆಫ್ ಮಾಡಬೇಡಿ. ನಿಮ್ಮ ಡಿಲೇ ಸೊನ್ನೆಯಾಗಿದೆ ಎಂದು ಮತ್ತಾರೂ ನಿಮಗೆ ಹೇಳುತ್ತಿರಲಿಲ್ಲ.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ. ಮನೆಯಿಂದ ಸುಮಾರು 400 ಮೀಟರ್ ದೂರದ ಬೋರ್‌ವೆಲ್ ಮೋಟಾರನ್ನು ಈ ಬೋರ್ಡಿನಿಂದ ಆನ್-ಆಫ್ ಮಾಡಬೇಕು. ತ್ರೀ ಫೇಸ್ ರಾತ್ರಿ ಬಂದರೆ ಎದ್ದು ಹೋಗಬೇಕಾಗುತ್ತದೆ. ಮಗ ಐಡಿಎಫ್ ಕಲಿಯುತ್ತಿದ್ದಾನೆ, ರಿಲೇ ಮಾಡ್ಯೂಲ್ ತಂದಿದ್ದೇವೆ. (ಚನ್ನಗಿರಿ)

ಉತ್ತರ: ಮಧ್ಯರಾತ್ರಿ ಟಾರ್ಚು ಹಿಡಿದು ತೋಟಕ್ಕೆ ಇಳಿಯುವ ಕಷ್ಟ ನಮ್ಮ ಮನೆಯಲ್ಲೂ ಗೊತ್ತು. ಹಾವಿನ ಭಯವೇ ಸಾಕು. ಆದರೂ ಮೊದಲು ಒಂದು ಮಾತು. ಆ ನೀಲಿ ರಿಲೇಯನ್ನು (ಬೋರ್ಡಿನ ಮಾತಿಗೆ ಆನ್-ಆಫ್ ಆಗುವ ಸ್ವಿಚ್ಚು) ಮೋಟಾರಿನ ತಂತಿಗೆ ಜೋಡಿಸಬೇಡಿ. ಅದರ ಮೇಲೆ 10 ಆಂಪ್ ಎಂದು ಬರೆದಿದ್ದರೂ ಅದು ಮೋಟಾರಿನ ಶುರುವಿನ ಎಳೆತಕ್ಕಲ್ಲ, ಮೂರು ಫೇಸಿಗಂತೂ ಅಲ್ಲವೇ ಅಲ್ಲ. ಸಂಪರ್ಕದ ತುದಿಗಳು ಬೆಸೆದುಕೊಂಡರೆ ಮೋಟಾರು ನಿಲ್ಲುವುದೇ ಇಲ್ಲ. ರಿಲೇ ಮಾಡಬೇಕಾದದ್ದು ಸ್ಟಾರ್ಟರಿನ ಕಾಯಿಲ್ ಸರ್ಕ್ಯೂಟನ್ನು ಮಾತ್ರ. ಆ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಆಗಲಿ. ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ತಡೆ, ಕೈಯಿಂದ ನಿಲ್ಲಿಸುವ ಬಟನ್, ಇವು ಮೂರೂ ಬೋರ್ಡಿನ ಹಂಗಿಲ್ಲದೆ ಕೆಲಸ ಮಾಡುವಂತಿರಲಿ.

ಎರಡನೆಯದು ದೂರ. ಇಎಸ್‌ಪಿ32ರ ವೈ-ಫೈ 2.4 ಗಿಗಾಹರ್ಟ್ಸ್. ನೀರು ತುಂಬಿದ ಕಾಂಡ, ಒದ್ದೆ ಎಲೆಗಳು ಆ ಅಲೆಯನ್ನು ಹೀರಿಕೊಳ್ಳುತ್ತವೆ. ಬೇಸಿಗೆಯಲ್ಲಿ ಅಂಗಳದಿಂದ ಸಿಕ್ಕ ಸಿಗ್ನಲ್ ಮಳೆಗಾಲದಲ್ಲಿ ಸಿಗುವುದಿಲ್ಲ. 400 ಮೀಟರ್ ಅಡಿಕೆ ತೋಟದ ನಡುವೆ ನಾನು ವೈ-ಫೈ ನಂಬುವುದಿಲ್ಲ. ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೊ ಆದ ಲೋರಾ ಮಾಡ್ಯೂಲ್ ಜೋಡಿಸಿ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದಾದ ರೇಡಿಯೊ ಬ್ಯಾಂಡ್. ಕೊಳ್ಳುವಾಗ 433ರದ್ದು ಕೊಟ್ಟಾರು, ಸಂಖ್ಯೆ ನೋಡಿ ತನ್ನಿ.

ಮೂರನೆಯದು ಮಗನಿಗೆ. ಬೋರ್ಡು ಏಳುವ ಕ್ಷಣದಲ್ಲಿ ಕಾಲುಗಳು ಯಾವ ಸ್ಥಿತಿಯಲ್ಲಿರುತ್ತವೆ ಎಂಬುದನ್ನು ಕೋಡ್ ಬರೆಯುವ ಮೊದಲೇ ನೋಡಬೇಕು. ಇದನ್ನು ನಾನು ಕಲಿತದ್ದು ನಮ್ಮ ಮನೆಯ ಟ್ಯಾಂಕಿನಿಂದ. ಟ್ಯಾಂಕು ತುಂಬಿದಾಗ ಕಾಲಿಗೆ 3.3 ವೋಲ್ಟ್ ಕೊಡುವಂತೆ ಒಂದು ತೇಲು ಸ್ವಿಚ್ಚನ್ನು ಜಿಪಿಐಒ12ಕ್ಕೆ ಜೋಡಿಸಿದ್ದೆ. ಮೇಜಿನ ಮೇಲೆ ಎಲ್ಲ ಸರಿ. ಹಚ್ಚಿ ಬಂದ ಮೇಲೆ ಕೆಲವು ದಿನ ಕರೆಂಟು ಹೋಗಿ ಬಂದರೆ ಬೋರ್ಡು ಏಳುತ್ತಿತ್ತು, ಕೆಲವು ದಿನ ಏಳುತ್ತಿರಲಿಲ್ಲ. ಮೂರು ದಿನ ಅಡಾಪ್ಟರ್ ಬದಲಾಯಿಸಿದೆ, ತಂತಿ ಬದಲಾಯಿಸಿದೆ. ನಾಲ್ಕನೆಯ ದಿನ ಲ್ಯಾಪ್‌ಟಾಪನ್ನು ಟ್ಯಾಂಕಿನ ಹತ್ತಿರವೇ ಒಯ್ದು ಮಾನಿಟರ್ ತೆರೆದೆ. ‘ಫ್ಲ್ಯಾಶ್ ರೀಡ್ ಎರರ್’ ಎಂದು ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ನೀರು ಕಂಠದವರೆಗೆ. ಅತ್ತೆ ಬಟ್ಟೆ ಒಗೆದು ನೀರು ಇಳಿದ ಮೇಲೆ ರೀಸೆಟ್ ಒತ್ತಿದೆ, ಎದ್ದು ಕೂತಿತು.

ಕಾರಣ ಇಷ್ಟು. ಚಿಪ್ ಏಳುವಾಗ ಜಿಪಿಐಒ12ರ ವೋಲ್ಟೇಜು ನೋಡಿ ಫ್ಲ್ಯಾಶ್‌ಗೆ ಎಷ್ಟು ವೋಲ್ಟ್ ಕೊಡಬೇಕೆಂದು ನಿರ್ಧರಿಸುತ್ತದೆ. ಆ ಕಾಲು ಮೇಲಿದ್ದರೆ 1.8 ವೋಲ್ಟ್. ನಮ್ಮ ಬೋರ್ಡಿನ ಫ್ಲ್ಯಾಶ್ 3.3ರದ್ದು, ಅದು ಓದಲು ಸಿಗುವುದಿಲ್ಲ. ಟ್ಯಾಂಕು ತುಂಬಿದ್ದಾಗ ಕರೆಂಟು ಬಂದರೆ ಬೋರ್ಡು ಸತ್ತಂತೆ, ಖಾಲಿಯಿದ್ದಾಗ ಬಂದರೆ ಬದುಕಿದಂತೆ. ಸ್ವಿಚ್ಚನ್ನು ಬೇರೆ ಕಾಲಿಗೆ ಬದಲಾಯಿಸಿದೆ, ಮುಗಿಯಿತು. ಮಗನಿಗೆ ಹೇಳಿ: 0, 2, 5, 12, 15, ಈ ಐದು ಕಾಲುಗಳನ್ನು ಚಿಪ್ ಏಳುವಾಗ ನೋಡುತ್ತದೆ, ರಿಲೇಗೆ ಇವು ಬೇಡ. 6ರಿಂದ 11 ಫ್ಲ್ಯಾಶಿನವು, ಮುಟ್ಟಲೇಬಾರದು. 34ರಿಂದ 39 ಒಳಕ್ಕೆ ಓದಲು ಮಾತ್ರ. ರಿಲೇಗೆ 25, 26, 27 ಒಳ್ಳೆಯವು. ಬೋರ್ಡು ಸತ್ತರೆ, ಲೋರಾ ಕಡಿದರೆ, ಕರೆಂಟು ಹೋಗಿ ಬಂದರೆ ಮೋಟಾರು ನಿಂತೇ ಇರಬೇಕು. ಇದನ್ನು ಒಂದೊಂದಾಗಿ ತಂತಿ ಕಿತ್ತು ಪರೀಕ್ಷಿಸಲಿ.

ಇಷ್ಟೆಲ್ಲ ಆಗುವವರೆಗೆ ನೀವು ಕಾಯಬೇಕಿಲ್ಲ. ಫೋನ್ ಕರೆಯಿಂದ ಓಡುವ ಸ್ಟಾರ್ಟರುಗಳು ಅಂಗಡಿಯಲ್ಲಿ ಸಿಗುತ್ತವೆ, ಈ ವರ್ಷಕ್ಕೆ ಅದನ್ನು ಹಾಕಿಸಿಕೊಳ್ಳಿ. ಮಗ ಮೊದಲು ನೀರಿನ ಮಟ್ಟ ತೋರಿಸುವುದನ್ನಷ್ಟೇ ಮಾಡಲಿ. ಅದು ಒಂದು ಮಳೆಗಾಲ ತಪ್ಪದೆ ನಡೆದರೆ ಆಮೇಲೆ ಮೋಟಾರು.

ಪ್ರಶ್ನೆ: ಕಾಫಿ ತೋಟದಲ್ಲಿ ಮಣ್ಣಿನ ತೇವ ಅಳೆಯಲು ಇಟ್ಟಿದ್ದೇನೆ. ಐದು ನಿಮಿಷಕ್ಕೊಮ್ಮೆ ಡೀಪ್ ಸ್ಲೀಪಿನಿಂದ ಎದ್ದು ಕಳಿಸುತ್ತದೆ. 2600 ಮಿಲಿಆಂಪ್-ಅವರ್ ಬ್ಯಾಟರಿ ಒಂಬತ್ತು ದಿನಕ್ಕೇ ಖಾಲಿ. ಸ್ಲೀಪಿನಲ್ಲಿ 10 ಮೈಕ್ರೊಆಂಪ್ ಎಂದಿತ್ತಲ್ಲ? (ಚಿಕ್ಕಮಗಳೂರು)

ಉತ್ತರ: 10 ಮೈಕ್ರೊಆಂಪ್ ಚಿಪ್ಪಿನ ಲೆಕ್ಕ, ಬೋರ್ಡಿನದ್ದಲ್ಲ. ಬೋರ್ಡಿನ ಮೇಲೆ ಕೆಂಪು ದೀಪ ಇದೆ, ಯುಎಸ್‌ಬಿ ಚಿಪ್ ಇದೆ, ವೋಲ್ಟೇಜ್ ಇಳಿಸುವ 1117 ಇದೆ. ಆ 1117 ಒಂದೇ ಸುಮ್ಮನಿದ್ದರೂ 5 ಮಿಲಿಆಂಪ್ ಆಸುಪಾಸು ತಿನ್ನುತ್ತದೆ. ಎಲ್ಲ ಸೇರಿ 9 ಎಂದಿಟ್ಟುಕೊಳ್ಳೋಣ. ಎದ್ದಾಗ ವೈ-ಫೈ ಹುಡುಕಿ ಕಳಿಸಲು 8 ಸೆಕೆಂಡ್, 120 ಮಿಲಿಆಂಪ್ ಎಂದರೆ, 300 ಸೆಕೆಂಡಿಗೆ ಹಂಚಿದರೆ ಸರಾಸರಿ 3.2. ಒಟ್ಟು 12.2. 2600ನ್ನು ಅದರಿಂದ ಭಾಗಿಸಿದರೆ 213 ಗಂಟೆ, ಅಂದರೆ ಹೆಚ್ಚುಕಡಿಮೆ ಒಂಬತ್ತು ದಿನ. ನಿಮ್ಮ ಬ್ಯಾಟರಿ ಪ್ರಾಮಾಣಿಕವಾಗಿಯೇ ದುಡಿದಿದೆ.

ಮಣ್ಣು ಐದು ನಿಮಿಷಕ್ಕೆ ಒಣಗುವುದಿಲ್ಲ. ಗಂಟೆಗೊಮ್ಮೆ ಎದ್ದರೆ ಆ 3.2 ಎಂಬುದು 0.27 ಆಗುತ್ತದೆ. ಬ್ಯಾಟರಿಗಾಗಿಯೇ ಮಾಡಿದ, ನಿದ್ದೆಯಲ್ಲಿ 0.05 ಮಿಲಿಆಂಪ್ ತಿನ್ನುವ ಬೋರ್ಡು ತಂದರೆ ಒಟ್ಟು 0.32. ಕಾಗದದ ಮೇಲೆ ಹನ್ನೊಂದು ತಿಂಗಳು. ಅದರ ಅರ್ಧ ಸಿಕ್ಕರೂ ಒಂದು ಮಳೆಗಾಲ ದಾಟುತ್ತದೆ.

ಇನ್ನೆರಡು ಮಾತು. ಡೀಪ್ ಸ್ಲೀಪಿನಿಂದ ಎದ್ದಾಗ ಪ್ರೋಗ್ರಾಂ ಬಿಟ್ಟಲ್ಲಿಂದ ಮುಂದುವರಿಯುವುದಿಲ್ಲ, ‘ಆ್ಯಪ್ ಮೇನ್’ನ ಮೊದಲ ಸಾಲಿನಿಂದ ಶುರುವಾಗುತ್ತದೆ. ಹಿಂದಿನ ಓದು ನೆನಪಿರಬೇಕಾದರೆ ಆ ವೇರಿಯಬಲ್ಲನ್ನು ನಿದ್ದೆಯಲ್ಲೂ ಅಳಿಯದ ಆರ್‌ಟಿಸಿ ಮೆಮೊರಿಯಲ್ಲಿಡಿ. ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಎಂಬ ಭಾಗ ಚಿಪ್ಪಿನಲ್ಲಿ ಎರಡಿವೆ. ಸೆನ್ಸರನ್ನು ಎಡಿಸಿ2ರ ಕಾಲಿಗೆ ಜೋಡಿಸಿದ್ದರೆ ಎಡಿಸಿ1ಕ್ಕೆ, ಅಂದರೆ 32ರಿಂದ 39ರೊಳಗಿನ ಕಾಲಿಗೆ ಬದಲಾಯಿಸಿ. ವೈ-ಫೈ ಓಡುವಾಗ ಎಡಿಸಿ2 ನಂಬುವಂಥದ್ದಲ್ಲ. ಕೆಪಾಸಿಟಿವ್ ಸೆನ್ಸರಿನ ಮೇಲ್ಭಾಗದ ಬಿಡಿಭಾಗಗಳಿಗೆ, ಬದಿಯ ಅಂಚಿಗೆ ಉಗುರುಬಣ್ಣ ಎರಡು ಸಲ ಬಳಿಯಿರಿ. ಮಲೆನಾಡಿನ ಮಳೆಗೆ ಅದಿಲ್ಲದೆ ತಿಂಗಳೂ ಬಾಳುವುದಿಲ್ಲ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಟಿಂಕರಿಂಗ್ ಲ್ಯಾಬಿನಲ್ಲಿ ಮಕ್ಕಳು ಗಿಡಕ್ಕೆ ನೀರು ಬೇಕೆಂದು ತಿಳಿಸುವ ಸಾಧನ ಮಾಡುತ್ತಿದ್ದಾರೆ. ಸಂದೇಶ ಕನ್ನಡದಲ್ಲೇ ಬರಬೇಕೆಂದು ಹಠ. ಆಗುತ್ತದೆಯೇ? (ತುಮಕೂರು)

ಉತ್ತರ: ಆಗುತ್ತದೆ, ಹಠ ಬಿಡುವುದು ಬೇಡ. ಮಾನಿಟರಿನಲ್ಲಿ ಇವತ್ತೇ ಆಗುತ್ತದೆ. ಫೈಲನ್ನು ಎಲ್ಲ ಭಾಷೆಯ ಅಕ್ಷರಗಳಿಗೂ ಆಗುವ ಯುಟಿಎಫ್-8 ಸಂಕೇತದಲ್ಲಿ ಉಳಿಸಿ, ಲಾಗ್ ಸಾಲಿನ ಉದ್ಧರಣ ಚಿಹ್ನೆಗಳ ನಡುವೆ ಕನ್ನಡವನ್ನೇ ಬರೆಯಿರಿ. ಚಿಪ್ ಅದನ್ನು ಬೈಟುಗಳಾಗಿ ಹಾಗೇ ಕಳಿಸುತ್ತದೆ, ಅಕ್ಷರ ಮೂಡಿಸುವುದು ಕಂಪ್ಯೂಟರಿನ ಫಾಂಟು. ಕೋಡಿನ ವಿವರಣೆಗಳನ್ನೂ ಕನ್ನಡದಲ್ಲೇ ಬರೆಸಿ, ಕಂಪೈಲರಿಗೆ ಅದರಿಂದ ತೊಂದರೆಯಿಲ್ಲ. ಜಾಗದ ಲೆಕ್ಕ ಮಾತ್ರ ಹೇಳಿಕೊಡಿ. ‘ನೀರು’ ಎಂಬುದು ನಮಗೆ ಎರಡಕ್ಷರ. ಚಿಪ್ಪಿಗೆ ನ, ಈಕಾರ, ರ, ಉಕಾರ ಎಂದು ನಾಲ್ಕು ಸಂಕೇತ, ಒಂದೊಂದಕ್ಕೆ ಮೂರು ಬೈಟು, ಒಟ್ಟು 12. ಕೊನೆಯ ಸೊನ್ನೆಗೆ ಇನ್ನೊಂದು. 10 ಬೈಟಿನ ಅರೇ (ಸಾಲಾಗಿ ಜೋಡಿಸಿದ ಜಾಗ) ಮಾಡಿದರೆ ಪದ ತುಂಡಾಗುತ್ತದೆ.

ಚಿಕ್ಕ ಒಎಲ್‌ಇಡಿ ಪರದೆಗೆ ದಾರಿ ಬೇರೆ. ಒತ್ತಕ್ಷರ, ಗುಣಿತಗಳನ್ನು ಸೇರಿಸಿ ಕೂರಿಸುವ ಕೆಲಸ ಅದರ ಸಾಮಾನ್ಯ ಲೈಬ್ರರಿಗಳಿಗೆ ಬಾರದು, ಬಿಡಿಬಿಡಿಯಾಗಿ ಮೂಡುತ್ತದೆ. ನಿಮಗೆ ಬೇಕಾದದ್ದು ಎರಡು ಮೂರು ವಾಕ್ಯ ತಾನೆ? ಕಂಪ್ಯೂಟರಿನಲ್ಲಿ ದೊಡ್ಡದಾಗಿ ಟೈಪ್ ಮಾಡಿ, 128 ಅಗಲ 64 ಎತ್ತರದ ಕಪ್ಪು-ಬಿಳುಪು ಚಿತ್ರವಾಗಿ ಉಳಿಸಿ, ಅದನ್ನು ಸಿ ಅರೇಯಾಗಿ ಪರಿವರ್ತಿಸಿ ಫ್ಲ್ಯಾಶ್‌ನಲ್ಲಿಡಿ. ಒಂದು ಪರದೆಗೆ 1024 ಬೈಟು, 4 ಮೆಗಾಬೈಟಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಚಿತ್ರವಾದ್ದರಿಂದ ಮಕ್ಕಳು ಟೈಪ್ ಮಾಡಬೇಕೆಂದೇನಿಲ್ಲ. ಚೌಕುಳಿ ಹಾಳೆಯಲ್ಲಿ ತಮ್ಮ ಕೈಯಿಂದಲೇ ‘ಬಾಯಾರಿದೆ’ ಎಂದು ಬರೆದು, ತುಂಬಿದ ಚೌಕಕ್ಕೆ ಒಂದು, ಖಾಲಿ ಚೌಕಕ್ಕೆ ಸೊನ್ನೆ ಎಂದು ಎಣಿಸಿ ಅರೇ ಮಾಡಲಿ. ಒಂದು ಹಾಳೆಗೆ ನಾಲ್ಕು ಮಕ್ಕಳು, ಒಬ್ಬೊಬ್ಬರಿಗೆ 16 ಸಾಲು. ಮುಗಿದ ಮೇಲೆ ಆ ಹಾಳೆಯ ಒಂದು ಫೋಟೊ ನನಗೆ ಕಳಿಸಿ.